ರಾಯಪುರಕ್ಕೆ ಹೋಗಬೇಕಿದ್ದ ಮರಳು

ಮರೀನಾಕ್ಕೆ ಬಂದ ದೊಡ್ಡಮ್ಮನಿಗೆ ಮೊದಲು ಸಿಟ್ಟು ಬಂದದ್ದು ಸೂರ್ಯನ ಮೇಲೆ. ಎಪ್ಪತ್ತೆಂಟು ವರ್ಷ ಕುಂದಾಪುರದ ಕೋಡಿಯಲ್ಲಿ ಸಂಜೆ ಸೂರ್ಯ ಕಡಲಿಗೆ ಇಳಿಯುವುದನ್ನು ನೋಡಿದವಳು, ಇಲ್ಲೂ ನೀರಿನ ಕಡೆ ಮುಖ ಮಾಡಿ ಕಾಲು ಚಾಚಿ ಕೂತಳು. ಹತ್ತು ನಿಮಿಷ ಕಾದಳು. ಆಮೇಲೆ ಏನೋ ಎಡವಟ್ಟಾಗಿದೆ ಅನ್ನಿಸಿ ಕತ್ತು ತಿರುಗಿಸಿದರೆ, ಅವನು ಬೆನ್ನ ಹಿಂದೆ ಪ್ರೆಸಿಡೆನ್ಸಿ ಕಾಲೇಜಿನ ಗುಮ್ಮಟದಾಚೆ ಬಸ್ಸುಗಳ ಹೊಗೆಯಲ್ಲಿ ಇಳಿಯುತ್ತಿದ್ದ.

"ಎಂತ ಮಾರಾಯ, ಇಲ್ಲ್ ಸೂರ್ಯ ಊರೊಳಗ್ ಮುಳ್ಗುದಾ?"

ಇಪ್ಪತ್ತು ವರ್ಷದಿಂದ ಚೆನ್ನೈಯಲ್ಲಿದ್ದೇನೆ. ಈ ಪ್ರಶ್ನೆ ನನಗೊಮ್ಮೆಯೂ ಬಂದಿರಲಿಲ್ಲ. ಪೂರ್ವದ ಕರಾವಳಿ, ಸೂರ್ಯ ಹುಟ್ಟುವುದು ನೀರಲ್ಲಿ, ಮುಳುಗುವುದು ನೆಲದಲ್ಲಿ ಎಂದು ಭೂಪಟ ನೋಡಿದ ಯಾರಾದರೂ ಹೇಳಿಯಾರು. ಆದರೆ ಗೊತ್ತಿರುವುದಕ್ಕೂ ಹಾಗೆ ಕತ್ತು ಹೊರಳಿಸಿ ಕಂಡುಕೊಳ್ಳುವುದಕ್ಕೂ ಎಷ್ಟು ದೂರ!

ನಮ್ಮ ಜೊತೆಯಲ್ಲಿದ್ದ ಮೂರನೆಯವಳು ತಂಗಿಯ ಮಗಳು, ಬೆಂಗಳೂರಿನಲ್ಲಿ ಬೆಳೆದವಳು. ಹಿಂದಿನ ಬೇಸಿಗೆಯಲ್ಲಷ್ಟೇ ಗಂಡನ ಜೊತೆ ಫ್ರಾನ್ಸಿನ ನೀಸ್ ನಗರಕ್ಕೆ ಹೋಗಿ ಬಂದಿದ್ದಳು. ಮೆಡಿಟರೇನಿಯನ್ ಕಡಲಿನ ಫೋಟೋಗಳು ಅವಳ ಫೋನಿನಲ್ಲಿ ಒಂದರ ಹಿಂದೊಂದು ಸರಿದವು. ನೀಲಿ ಅಂದರೆ ಎಂಥ ನೀಲಿ, ಬಟ್ಟೆಗೆ ಹಾಕುವ ನೀಲಿಯನ್ನು ಯಾರೋ ಕೊಡದಲ್ಲಿ ಕದಡಿ ಸುರಿದ ಹಾಗೆ. ದಡದುದ್ದಕ್ಕೂ ಸಾಲು ಕುರ್ಚಿ, ಕೊಡೆ, ತಾಳೆಮರ. "ಮಾವ, ಅಲ್ಲಿ ಮರಳೇ ಇಲ್ಲ ಗೊತ್ತಾ? ಬರೀ ಉರುಟು ಕಲ್ಲು, ಕಾಲು ಚುಚ್ಚತ್ತೆ. ಕುರ್ಚಿಗೆ ಬಾಡಿಗೆ ಬೇರೆ," ಅಂದಳು. ಆದರೂ ದನಿಯಲ್ಲಿ ಮೋಹವಿತ್ತು. ಆಮೇಲೆ ಸುತ್ತ ನೋಡಿ, ಬೇಸರವಿಲ್ಲದೆ, ನಿಜವಾಗಿಯೂ ತಿಳಿಯಲೆಂದು ಕೇಳಿದಳು: "ಇಲ್ಲಿ ನೋಡೋಕೆ ಅಂತ ಏನಿದೆ?"

ಕೈಯಲ್ಲಿ ತಿರುಗಿಸುವ ರಾಟೆ ತೊಟ್ಟಿಲು, ಬಲೂನಿಗೆ ಗುರಿಯಿಡುವ ಬಂದೂಕು, ಪಕ್ಕೆಲುಬು ಕಾಣುವ ಸವಾರಿ ಕುದುರೆ, ಗಿಣಿಶಾಸ್ತ್ರದವನು, ಮೆಣಸಿನಕಾಯಿ ಬಜ್ಜಿಯ ಬಾಣಲೆ. ಇವನ್ನು ತೋರಿಸಿ ಇದೇ ನೋಡುವುದು ಅಂದರೆ ಅವಳು ಒಪ್ಪುತ್ತಿದ್ದಳೋ ಏನೋ. ನಾನು ಹೇಳಿದ್ದು ಬೇರೆ. ನೀನು ನೋಡಿ ಬಂದ ಆ ಕಡಲಿನ ಹೆಸರಿನ ಮೇಲೆಯೇ ಈಗ ಕೂತಿದ್ದೀಯ, ಅಂದೆ.

ಮರೀನಾ ತಮಿಳು ಹೆಸರಲ್ಲ, ಇಂಗ್ಲಿಷ್ ಹೆಸರೂ ಅಲ್ಲ, ಇಟಲಿಯದು. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಗ್ರಾಂಟ್ ಡಫ್ ಎಂಬ ಉದ್ದ ಹೆಸರಿನ ಗವರ್ನರ್ 1881ರ ನವೆಂಬರಿನಲ್ಲಿ ಮದ್ರಾಸಿಗೆ ಬಂದ. ಕಡಲ ಪಕ್ಕದ ಹಾದಿಯನ್ನು ಹಸನು ಮಾಡಿಸಿ, ನಡೆದಾಡುವ ದಾರಿ ಕಟ್ಟಿಸಿ, 1884ರಲ್ಲಿ ಅದಕ್ಕೆ ಮರೀನಾ ಎಂದು ಹೆಸರಿಟ್ಟ. ಸಿಸಿಲಿಯ ನೆನಪಿನಿಂದ ಇಟ್ಟ ಹೆಸರು ಎಂದು ಅವನೇ ಬರೆದಿಟ್ಟಿದ್ದಾನೆ. ಆಫೀಸಿನ ಕಡತಗಳ ನಡುವೆ, ಮದ್ರಾಸಿನ ಸೆಖೆಯಲ್ಲಿ, ಯಾವುದೋ ಹಳೆಯ ಪ್ರವಾಸದ ಸಂಜೆಯೊಂದು ಅವನಿಗೆ ನೆನಪಾಗಿರಬೇಕು. ಅಧಿಕಾರ ಇದ್ದವನು, ನೆನಪನ್ನು ನೇರ ನಕ್ಷೆಯ ಮೇಲೆ ಬರೆದುಬಿಟ್ಟ. ನಾವಾಗಿದ್ದರೆ ಮನೆಗೆ ಇಟ್ಟುಕೊಳ್ಳುತ್ತಿದ್ದೆವು. ಚೆನ್ನೈಯಲ್ಲಿ ನೆಲೆಸಿದ ನಮ್ಮವರ ಮನೆಗಳ ಗೇಟಿನಲ್ಲಿ ಕೊಲ್ಲೂರು, ಶೃಂಗೇರಿ ನೆನಪಿಸುವ ಹೆಸರು ಕಂಡಾಗ ನನಗೆ ಗ್ರಾಂಟ್ ಡಫ್ ಮೇಲೆ ಒಂದಿಷ್ಟು ಮಮತೆಯೂ ಹುಟ್ಟುತ್ತದೆ.

ಆದರೆ ಅವನು ಹೆಸರಿಟ್ಟದ್ದು ದಾರಿಗೆ, ಈ ಮರಳಿಗಲ್ಲ. ಆಗ ಇಷ್ಟು ಮರಳು ಇರಲೇ ಇಲ್ಲ. ನಾವು ಬಸ್ಸಿಳಿದ ರಸ್ತೆಯಿಂದ ನೀರಿನವರೆಗೆ ದೊಡ್ಡಮ್ಮನನ್ನು ನಡೆಸಿಕೊಂಡು ಬರುವಷ್ಟರಲ್ಲಿ ಅವಳು ಮೂರು ಸಲ ನಿಂತು ಉಸಿರೆಳೆದುಕೊಂಡಿದ್ದಳು. ಹಿಂದೆ ಅಷ್ಟು ದೂರವೂ ಸಮುದ್ರವೇ ಇತ್ತು. ಅಲೆಗಳು ರಸ್ತೆಯ ಹತ್ತಿರಕ್ಕೇ ಬಂದು ಒಡೆಯುತ್ತಿದ್ದವು. ಮದ್ರಾಸಿಗೆ ಆಗ ಬಂದರಿರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು, ತೆಂಗಿನ ನಾರಿನಿಂದ ಹಲಗೆ ಹೊಲಿದ ಮಸೂಲಾ ದೋಣಿಗಳಲ್ಲಿ ಜನ, ಸಾಮಾನು, ಲಾಟ್‌ ಸಾಹೇಬರು ಎಲ್ಲ ಒದ್ದೆಯಾಗಿ ದಡ ಸೇರುತ್ತಿದ್ದರು. 1875ರಲ್ಲಿ ಬಂದರಿಗೆ ಅಡಿಗಲ್ಲು ಬಿತ್ತು. ಕಡಲಿಗೆ ಎರಡು ಕಲ್ಲಿನ ತೋಳು ಚಾಚಿಸಿದರು. ಇನ್ನೇನು ಮುಗಿಯಿತು ಅನ್ನುವಾಗ, ಗ್ರಾಂಟ್ ಡಫ್ ಬಂದ ಅದೇ ನವೆಂಬರಿನಲ್ಲಿ ಚಂಡಮಾರುತ ಬಂದು ಅವನ್ನು ಮುರಿದು ಹಾಕಿತು. ಮತ್ತೆ ಕಟ್ಟಿದರು.

ಈ ದಡದಲ್ಲಿ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ವರ್ಷದ ಹೆಚ್ಚು ತಿಂಗಳು ಅಲೆಗಳು ಓರೆಯಾಗಿ ಬಂದು ಅದನ್ನು ದಡದುದ್ದಕ್ಕೂ ಬಡಗಣಕ್ಕೆ ತಳ್ಳುತ್ತವೆ. ಹಿಂಗಾರಿನಲ್ಲಿ ಕೆಲವು ತಿಂಗಳು ಒಂದಿಷ್ಟು ಹಿಂದಕ್ಕೆ. ಲೆಕ್ಕ ಹಾಕಿದರೆ ಬಡಗಣದ ಪಯಣವೇ ಹೆಚ್ಚು. ಯಾರೂ ಕಾಣದ ಒಂದು ಮರಳಿನ ಹೊಳೆ ಅಂದುಕೊಳ್ಳಿ. ಬಂದರಿನ ತೋಳು ಆ ಹೊಳೆಗೆ ಕಟ್ಟೆಯಾಯಿತು. ತೆಂಕಣದಿಂದ ಬಂದ ಮರಳು ಮುಂದೆ ಹೋಗಲಾರದೆ ಇಲ್ಲೇ ಬಿತ್ತು, ಬೀಳುತ್ತಲೇ ಹೋಯಿತು, ಸಮುದ್ರ ಹಿಂದಕ್ಕೆ ಸರಿಯಿತು. ಆಚೆ ಬದಿಯ ರಾಯಪುರ, ಕಾಸಿಮೇಡುಗಳಿಗೆ ಬರಬೇಕಿದ್ದ ಮರಳು ಬರಲಿಲ್ಲ. ಅಲ್ಲಿ ಕಡಲು ದಡವನ್ನೇ ತಿಂದಿತು, ಮೀನುಗಾರರ ಮನೆಗಳನ್ನು ತಿಂದಿತು. ಇವತ್ತಿಗೂ ಅಲ್ಲಿ ಬಹಳ ಕಡೆ ಕಾಲಿಡಲು ಮರಳಿಲ್ಲ, ಬಂಡೆ ರಾಶಿ ಹಾಕಿದ್ದಾರೆ.

ದೊಡ್ಡಮ್ಮ ಇದನ್ನೆಲ್ಲ ಕೇಳಿ, ಪಕ್ಕದ ಹೊಯ್ಗೆಯನ್ನು ಒಂದು ಮುಷ್ಟಿ ಎತ್ತಿ, ಬೆರಳ ಸಂದಿಯಿಂದ ಬಿಟ್ಟಳು. "ಹಂಗಾರೆ ಇದ್ ಅವ್ರ್ ಹೊಯ್ಗೆ," ಅಂದಳು. ಯಾವ ಎಂಜಿನಿಯರನ ವರದಿಯಲ್ಲೂ ಇಷ್ಟು ಚಿಕ್ಕ ವಾಕ್ಯವಿರಲಾರದು.

ನೊಚ್ಚಿಕುಪ್ಪದ ಕಡೆಯಿಂದ ಬಂದ ದೋಣಿಗಳು ಮರಳಿನ ಮೇಲೆ ಮೂತಿ ಮೇಲಕ್ಕೆತ್ತಿ ಕೂತಿದ್ದವು. ಎಲ್ಲ ಫೈಬರಿನವು, ಹಿಂದೆ ಮೋಟಾರು. 2004ರ ಡಿಸೆಂಬರ್ 26ರ ಬೆಳಿಗ್ಗೆ ಇದೇ ಸಮುದ್ರ ಎದ್ದು ಬಂದ ಮೇಲೆ ನೆರವಿನ ರೂಪದಲ್ಲಿ ಇಂಥವು ಈ ಕರಾವಳಿಯಲ್ಲಿ ತುಂಬಿಹೋದವು, ಕಟ್ಟುಮರಗಳು ಕಡಿಮೆಯಾದವು. ಕಟ್ಟುಮರ! ಕನ್ನಡಿಗನಿಗೆ ಈ ತಮಿಳು ಪದವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಾಲ್ಕಾರು ದಿಮ್ಮಿಗಳನ್ನು ಹಗ್ಗದಲ್ಲಿ ಕಟ್ಟಿದ್ದು. ಅದಕ್ಕೆ ಒಳಗು ಅನ್ನುವುದೇ ಇಲ್ಲ, ಆದ್ದರಿಂದ ನೀರು ತುಂಬಿ ಮುಳುಗುವ ಭಯವೂ ಇಲ್ಲ. ಅಲೆ ಮೇಲಿಂದ ಹಾಯ್ದು ಸಂದಿಯಿಂದ ಇಳಿದುಹೋಗುತ್ತದೆ. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಒಣಗಲು ಹಾಕುತ್ತಿದ್ದರು. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕ 1697ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಈ ಕರಾವಳಿಯ ಕಟ್ಟುಮರದ ಬಗ್ಗೆ ಬರೆದ. ಪದ ಹಡಗು ಹತ್ತಿತು. ಹೋಗುತ್ತಾ ಹೋಗುತ್ತಾ ವಸ್ತುವನ್ನು ಬಿಟ್ಟು ಹೆಸರೊಂದೇ ಮುಂದೆ ಸಾಗಿತು: ಎರಡು ಒಡಲುಗಳನ್ನು ಜೋಡಿಸಿದ ಬಿಳಿಯ ವಿಹಾರನೌಕೆಗಳಿಗೆ ಇವತ್ತು ಜಗತ್ತೆಲ್ಲ ಕ್ಯಾಟಮರಾನ್ ಅನ್ನುತ್ತದೆ.

"ನಿನ್ನ ಫೋಟೋದಲ್ಲಿ ಇದೆಯಲ್ಲ, ಅದು," ಅಂದೆ. ತಂಗಿಯ ಮಗಳು ಹಿಂದಕ್ಕೆ ಸರಿಸಿ ಹುಡುಕಿದಳು. ಆ ಕದಡಿದ ನೀಲಿಯ ಮೇಲೆ, ಹಾಯಿ ಇಳಿಸಿ, ಡೆಕ್ಕಿನ ಮೇಲೆ ಯಾರೋ ಬಿಸಿಲು ಕಾಯಿಸುತ್ತಾ ಮಲಗಿದ್ದ ದೋಣಿ. ಅವರ ಮರೀನಾ ನಮ್ಮ ಹೊಯ್ಗೆಯ ಮೇಲೆ, ನಮ್ಮ ಕಟ್ಟುಮರ ಅವರ ನೀರಿನ ಮೇಲೆ. ಯಾರೂ ಯಾರನ್ನೂ ಕೇಳಿರಲಿಲ್ಲ, ಪತ್ರ ಬರೆದುಕೊಂಡಿರಲಿಲ್ಲ.

ಅಷ್ಟರಲ್ಲಿ ನನ್ನ ಕಣ್ಣು ದೊಡ್ಡಮ್ಮನ ಕೊರಳಿಗೆ ಬಿತ್ತು. ಐವತ್ತೈದು ವರ್ಷದಿಂದ ನೋಡಿದ ಕೊರಳು. ಕರಿಮಣಿಯ ನಡುನಡುವೆ ನಾಲ್ಕು ಹವಳ. ಒಂದರ ಅಂಚು ಚೂರು ಹಾರಿದೆ, ಇನ್ನೊಂದರ ಬಣ್ಣ ಬೆವರಿಗೋ ಅರಿಶಿಣಕ್ಕೋ ಮಂಕಾಗಿ ಹಣ್ಣು ಅಡಿಕೆಯ ಬಣ್ಣಕ್ಕೆ ತಿರುಗಿದೆ. ಹವಳ ಕಲ್ಲಲ್ಲ, ಕಡಲ ತಳದ ಸಣ್ಣ ಜೀವಿಗಳು ಗುಂಪಾಗಿ ಕಟ್ಟಿಕೊಂಡ ಎಲುಬು. ನಮ್ಮ ಸಮುದ್ರದಲ್ಲೂ ಹವಳದ ದಿಬ್ಬಗಳಿವೆ, ಆದರೆ ಒಡವೆಗೆ ಬರುವ ಈ ಕೆಂಪು ಹವಳಕ್ಕೆ ಹಳೆಯ ಕಾಲದಿಂದ ತವರು ಮೆಡಿಟರೇನಿಯನ್: ಸಾರ್ಡೀನಿಯ, ಕಾರ್ಸಿಕ, ಉತ್ತರ ಆಫ್ರಿಕದ ದಡಗಳು. ರೋಮಿನ ಪ್ಲಿನಿ, ಎರಡು ಸಾವಿರ ವರ್ಷದ ಹಿಂದೆ, ನಮ್ಮ ಹೆಂಗಸರಿಗೆ ಹಿಂದೂಸ್ಥಾನದ ಮುತ್ತು ಹೇಗೋ ಹಿಂದೂಸ್ಥಾನದವರಿಗೆ ಹವಳ ಹಾಗೆ ಎಂಬ ಅರ್ಥದ ಮಾತು ಬರೆದಿದ್ದಾನೆ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಈ ವ್ಯಾಪಾರ ಇದೇ ಮದ್ರಾಸಿಗೆ ಬಂತು. ಇಟಲಿಯ ಲಿವೋರ್ನೊ ಊರಿನಲ್ಲಿ ಹವಳ ತಿಕ್ಕಿ ಮಣಿ ಮಾಡುತ್ತಿದ್ದರು. ಯೆಹೂದಿ ವ್ಯಾಪಾರಿಗಳು ಅದನ್ನು ಲಂಡನ್ನಿನ ಮೂಲಕ ಇಲ್ಲಿಗೆ ಕಳಿಸಿ ಬದಲಿಗೆ ಗೋಲ್ಕೊಂಡದ ವಜ್ರ ತರಿಸುತ್ತಿದ್ದರು. 1688ರಲ್ಲಿ ಮದ್ರಾಸ್ ಕಾರ್ಪೊರೇಷನ್ ಶುರುವಾದಾಗ ಅದರ 12 ಆಲ್ಡರ್‌ಮನ್‌ಗಳಲ್ಲಿ ಯೆಹೂದಿಗಳೂ ಇದ್ದರು. ಮಣ್ಣಡಿಯ ಹತ್ತಿರ ಪವಳಕ್ಕಾರ ಬೀದಿ, ಅಂದರೆ ಹವಳದವರ ಬೀದಿ, ಇವತ್ತಿಗೂ ಇದೆ. ನಾನು ಎಷ್ಟೋ ಸಲ ಸ್ಕೂಟರಿನಲ್ಲಿ ಆ ಬೀದಿಯಲ್ಲಿ ಹಾರ್ನ್ ಒತ್ತುತ್ತಾ ನುಗ್ಗಿದ್ದೇನೆ.

ದೊಡ್ಡಮ್ಮನ ನಾಲ್ಕು ಮಣಿ ಆ ದಾರಿಯಲ್ಲೇ ಬಂದದ್ದು ಎಂದು ಆಣೆ ಇಡಲಾರೆ. ಅವು ಅವಳ ಅತ್ತೆಯವು, ಅದಕ್ಕೂ ಮುಂಚೆ ಅತ್ತೆಯ ಅತ್ತೆಯವು. ಆಚೆಗೆ ಯಾರಿಗೂ ಗೊತ್ತಿಲ್ಲ. ಗಾಜೇ ಆಗಿದ್ದರೂ ಆಗಿರಬಹುದು ಎಂದು ತಂಗಿಯ ಮಗಳು ಕೀಟಲೆ ಮಾಡಿದಳು. ದೊಡ್ಡಮ್ಮ ಒಂದು ಮಣಿಯನ್ನು ಹಲ್ಲಿಗೆ ತಾಗಿಸಿ ನೋಡಿದಳು, ಮತ್ತೆ ರವಿಕೆಯೊಳಗೆ ಇಳಿಸಿದಳು. ಆ ಪರೀಕ್ಷೆಯ ಫಲಿತಾಂಶ ನಮಗೆ ಹೇಳಲಿಲ್ಲ.

ಬರುವಾಗ ದಾರಿಯಲ್ಲಿ ಐಸ್‌ಹೌಸ್ ತೋರಿಸಿದ್ದೆ. ದುಂಡನೆಯ ಮುಂಭಾಗದ ಕಟ್ಟಡ, ಈಗ ವಿವೇಕಾನಂದರ್ ಇಲ್ಲಂ. 1842ರಲ್ಲಿ ಬಾಸ್ಟನ್ನಿನ ಫ್ರೆಡ್ರಿಕ್ ಟ್ಯೂಡರ್ ಕಟ್ಟಿಸಿದ್ದು, ಮಂಜುಗಡ್ಡೆ ಇಡಲಿಕ್ಕೆ. ಅಮೆರಿಕದ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಗಡ್ಡೆಯನ್ನು ಗರಗಸದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿಸಿ ಮದ್ರಾಸಿಗೆ ತರುತ್ತಿದ್ದರು. "ಕರ್ಗುದಿಲ್ಯಾ?" ಅಂತ ದೊಡ್ಡಮ್ಮ ಕೇಳಿದ್ದಳು. ಕರಗುತ್ತಿತ್ತು, ಕರಗಿ ಉಳಿದದ್ದನ್ನೇ ಮಾರುತ್ತಿದ್ದರು. ವಾಲ್ಡನ್ ಕೆರೆಯ ದಂಡೆಯಲ್ಲಿ ಕೂತು ಹಾಗೆ ಗಡ್ಡೆ ಕೊಯ್ಯುವುದನ್ನು ಕಂಡ ಲೇಖಕ ಥೋರೋ, ಮದ್ರಾಸಿನ ಬೆವರುವ ಜನ ತನ್ನ ಬಾವಿಯ ನೀರು ಕುಡಿಯುತ್ತಿದ್ದಾರೆ ಎಂದು ಊಹಿಸಿ ಖುಷಿಪಟ್ಟ. ಅದೇ ಕಟ್ಟಡದಲ್ಲಿ 1897ರ ಫೆಬ್ರವರಿಯಲ್ಲಿ ವಿವೇಕಾನಂದರು ಒಂಬತ್ತು ದಿನ ತಂಗಿದ್ದರು. ಮುಂದೆ ಸಿಸ್ಟರ್ ಸುಬ್ಬಲಕ್ಷ್ಮಿ ಅಲ್ಲೇ ಬಾಲವಿಧವೆಯರನ್ನು ಇಟ್ಟುಕೊಂಡು ಓದಿಸಿದರು. ತಲೆ ಬೋಳಿಸಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ಕೂರಬೇಕಿದ್ದ ಹುಡುಗಿಯರಿಗೆ ಕಿಟಕಿ ತೆರೆದರೆ ಸಮುದ್ರ. ಅವರಲ್ಲಿ ಮೊದಲ ದಿನ ಬಂದವಳು ಅದನ್ನು ಎಷ್ಟು ಹೊತ್ತು ನೋಡಿರಬಹುದು? ಈ ಒಂದು ಪ್ರಶ್ನೆ ಆ ಕಟ್ಟಡದ ಮುಂದೆ ಹೋಗುವಾಗಲೆಲ್ಲ ನನ್ನನ್ನು ಹಿಡಿಯುತ್ತದೆ.

ಪ್ರೇಕ್ಷಣೀಯ ಸ್ಥಳ ಅನ್ನುವ ಮಾತು ನನಗೆ ಅಷ್ಟು ಒಗ್ಗುವುದಿಲ್ಲ. ಅದರಲ್ಲಿ ನೋಡುವ ಕೆಲಸವೆಲ್ಲ ಸ್ಥಳವೇ ಮುಗಿಸಿಟ್ಟ ಹಾಗಿದೆ. ಕನ್ನಡದಲ್ಲಿ ನೋಡು ಬೇರೆ, ಕಾಣು ಬೇರೆ. ನೋಡುವುದು ನಾನು, ಕಾಣುವುದು ಅದು. ನಾನು ಎಷ್ಟು ನೋಡಿದರೂ ಅದು ಕಾಣದೆ ಇರಬಹುದು. ಕುಂದಾಪುರದ ಕಡೆ ಮಾತ್ರ ಈ ಗೋಡೆ ಇಲ್ಲ, ನೋಡು ಅನ್ನುವುದಕ್ಕೂ ಕಾಣ್ ಅಂತಲೇ ಅನ್ನುತ್ತಾರೆ. ದೊಡ್ಡಮ್ಮನಂಥವರಿಗೆ ಅದು ಸಲ್ಲುತ್ತದೆ ಕೂಡ.

"ಹೋ, ಕಾಣ್ ಕಾಣ್!"

ನಾನು ರಸ್ತೆ ಬದಿಯ ಪ್ರತಿಮೆಗಳ ಕಡೆ ತಿರುಗಿ, 1968ರ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ನಿಲ್ಲಿಸಿದ ವೀರಮಾಮುನಿವರ್ ಅಂದರೆ ಇಟಲಿಯ ಕೊನ್‌ಸ್ಟಾಂಜೊ ಬೆಸ್ಕಿ, ಇಲ್ಲಿಗೆ ಬಂದು ತಮಿಳಿನಲ್ಲಿ ಮಹಾಕಾವ್ಯ ಬರೆದವನು ಎಂದು ಹೇಳುತ್ತಿದ್ದೆ. ನನ್ನ ಮಾತು ಅಲ್ಲಿಗೇ ನಿಂತಿತು. ಅವಳು ಬೆರಳು ತೋರಿಸಿದ್ದು ಕಡಲಿನ ಕಡೆ.

ಅವತ್ತು ಹುಣ್ಣಿಮೆ ಎಂಬುದು ನಮ್ಮಿಬ್ಬರಿಗೂ ನೆನಪಿರಲಿಲ್ಲ. ನೀರಿನಂಚಿನ ಮೇಲೆ, ಮಬ್ಬಿನೊಳಗೆ, ಹಳೆಯ ತಾಮ್ರದ ಹರಿವಾಣದ ಚೂರೊಂದು ಎದ್ದಿತ್ತು. ಬೆಳಕಲ್ಲ, ಬಣ್ಣವಷ್ಟೆ. ಅಲುಗುತ್ತಿಲ್ಲ ಅನ್ನಿಸುತ್ತದೆ, ಅಲೆಯೊಂದನ್ನು ನೋಡಿ ಮತ್ತೆ ನೋಡಿದರೆ ಮೇಲೆ ಬಂದಿರುತ್ತದೆ. ಅಂಚು ನೆಟ್ಟಗಿರಲಿಲ್ಲ, ಕೆಳಗಿನ ಭಾಗ ಒತ್ತಿ ಚಪ್ಪಟೆಯಾದ ಹಾಗಿತ್ತು. ಕೋಡಿಯಲ್ಲಿ ಚಂದ್ರ ಹುಟ್ಟುವುದು ತೆಂಗಿನ ತೋಟದ ಹಿಂದೆ, ಮಾಡಿನ ಮೇಲೆ. ಕಡಲಿನಿಂದ ಏಳುವ ಚಂದ್ರನನ್ನು ದೊಡ್ಡಮ್ಮ ತನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಕಂಡಳು. ಸೂರ್ಯನ ಮೇಲಿನ ಸಿಟ್ಟು ಇಳಿದಿರಬೇಕು. ಕೈ ಮುಗಿದಳು, ಆಮೇಲೆ ಏನೋ ಸರಿಯಿಲ್ಲ ಅನ್ನಿಸಿದ ಹಾಗೆ ಹಿಂದೆ ತಿರುಗಿ ಪಡುವಣದ ಕಡೆಗೂ ಒಮ್ಮೆ ಮುಗಿದಳು.

"ತೇಂಗಾ ಮಾಂಗಾ ಪಟ್ಟಾಣಿ ಸುಂಡಲ್!" ತವರದ ಡಬ್ಬಿ ಹೊತ್ತ ಹುಡುಗ ಚಂದ್ರನಿಗೂ ನಮಗೂ ನಡುವೆ ಬಂದು ನಿಂತ. ತೆಂಗು, ಮಾವು, ಬಟಾಣಿ, ನಮ್ಮ ಉಸ್ಲಿಯೇ. ಮೂರು ಪೊಟ್ಟಣ ಕೊಂಡೆವು. ದೊಡ್ಡಮ್ಮ ಚಿಲ್ಲರೆ ತಾನೇ ಕೊಡುತ್ತೇನೆಂದು ಹಟ ಹಿಡಿದು, ಸೆರಗಿನ ಗಂಟು ಬಿಚ್ಚಿ, ಎಣಿಸಿ ಕೊಟ್ಟು, ಮತ್ತೆ ಗಂಟು ಹಾಕಿದಳು. ನೀರಿಗೆ ಇಳಿಯಬೇಡಿ, ಸೆಳೆತ ಇದೆ ಎಂದು ಪೊಲೀಸಿನವನು ಪೀಪಿ ಊದುವವರೆಗೂ ಕೂತಿದ್ದೆವು.

ಮರುದಿನ ರಾತ್ರಿ ಸೆಂಟ್ರಲ್‌ನಲ್ಲಿ ಅವಳನ್ನು ಮಂಗಳೂರು ಮೇಲ್ ಹತ್ತಿಸಿದೆವು. ನೀರಿನ ಬಾಟಲಿಯ ಹಣ ನನಗೆ ಕೊಡಲು ಸೆರಗಿನ ಗಂಟು ಬಿಚ್ಚಿದಾಗ ನಾಣ್ಯಗಳ ಜೊತೆ ಒಂದು ಚಿಟಿಕೆ ಮರಳು ಅಂಗೈಗೆ ಬಿತ್ತು.

"ರಾಯಪುರದವರದ್ದು ಅಜ್ಜಿ ಅದು," ಅಂದಳು ತಂಗಿಯ ಮಗಳು, ಕಿಟಕಿಯ ಸರಳು ಹಿಡಿದುಕೊಂಡು.

ದೊಡ್ಡಮ್ಮ ನಾಣ್ಯ ಮಾತ್ರ ಆರಿಸಿ ನನಗೆ ಕೊಟ್ಟಳು. ಮರಳನ್ನು ಸೆರಗಿಗೆ ಹಾಕಿ ಗಂಟು ಬಿಗಿದಳು. "ಕೋಡಿ ಕಡ್ಲಿಗ್ ಹಾಕ್ತೆ," ಅಂದಳು. "ಅಲ್ಲಿಂದ ಎಲ್ಲಿಗ್ ಹೋತ್ತೋ ಹೋಯ್ಲಿ."