ಸಿಗಲಿಲ್ಲ ಎಂದರೆ ಇಲ್ಲ ಎಂದರ್ಥವೇ?

ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಕೊಟ್ಟರೆ ಅದು ಕೆಲವೊಮ್ಮೆ ಸಾವಿರಾರು ಸಾಲುಗಳ ಉತ್ತರವನ್ನು ಸುರಿಯುತ್ತದೆ. ನಮಗೆ ಬೇಕಾದದ್ದು ಅದರಲ್ಲಿ ಒಂದೇ ಸಾಲು, ಆ ಸಾಲಿನಲ್ಲೂ ಒಂದೇ ಪದ. ಉಳಿದದ್ದನ್ನೆಲ್ಲ ಬಿಟ್ಟು ಅದೊಂದನ್ನು ಎತ್ತಿಕೊಡಲು ಯುನಿಕ್ಸ್ ಲೋಕದಲ್ಲಿ ಗ್ರೆಪ್, ಕಟ್, ಸೆಡ್, ಆಕ್ ಎಂಬ ಪುಟ್ಟ ಪುಟ್ಟ ಉಪಕರಣಗಳಿವೆ. ಹಳ್ಳಿಮನೆಯಲ್ಲಿ ಮೊರ, ಜರಡಿಗಳು ಮಾಡುವ ಕೆಲಸವನ್ನೇ ಇವು ಅಕ್ಷರಗಳ ರಾಶಿಯ ಮೇಲೆ ಮಾಡುತ್ತವೆ. ಆದರೆ ಒಂದು ವ್ಯತ್ಯಾಸವಿದೆ. ಮೊರದಲ್ಲಿ ಕೇರುವವರಿಗೆ ಜೊಳ್ಳು ಎಲ್ಲಿ ಬಿತ್ತೆಂಬುದು ಕಾಣುತ್ತದೆ. ಅದರ ಜೊತೆ ನಾಲ್ಕು ಕಾಳು ಹಾರಿ ಬಿದ್ದರೆ ಅವೂ ಕಾಣುತ್ತವೆ. ಗ್ರೆಪ್ ಬಿಟ್ಟ ಸಾಲುಗಳು ಎಲ್ಲೂ ಬೀಳುವುದಿಲ್ಲ. ಪರದೆಯ ಮೇಲೆ ಉಳಿಯುವುದು ಆಯ್ದದ್ದು ಮಾತ್ರ. ಅದನ್ನೇ ಪೂರ್ತಿ ಸತ್ಯವೆಂದು ನಂಬುವುದು ಬಹಳ ಸುಲಭ. ಬೇಕಾದ್ದನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ನೋಡದೆ ಬಿಡುವವನಿಗೆ ಬಿಟ್ಟುದರ ಬಗ್ಗೆ ಏನಾದರೂ ಹೊಣೆ ಇದೆಯೇ? ಇದು ಉಪಕರಣದ ಪ್ರಶ್ನೆಯಂತೆ ಕಂಡರೂ ನನ್ನ ಮಟ್ಟಿಗೆ ನೀತಿಯ ಪ್ರಶ್ನೆ.

ಗ್ರೆಪ್ ಹುಟ್ಟಿದ ಕತೆಯಲ್ಲೇ ಈ ಪ್ರಶ್ನೆಯ ಬೀಜವಿದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮೆಕ್‌ಮೋಹನ್ ಎಂಬವರಿಗೆ 'ಫೆಡರಲಿಸ್ಟ್ ಪೇಪರ್ಸ್' ಎಂಬ ಹಳೆಯ ಲೇಖನಗಳನ್ನು ಪರೀಕ್ಷಿಸಬೇಕಿತ್ತು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787–88ರಲ್ಲಿ ಬಂದ ಈ 85 ಲೇಖನಗಳನ್ನು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಒಂದೇ ಗುಪ್ತನಾಮದಲ್ಲಿ ಬರೆದಿದ್ದರು. ಯಾವುದು ಯಾರದೆಂಬ ಜಗಳ ಆಮೇಲೂ ಮುಗಿದಿರಲಿಲ್ಲ. ಆಗಿನ ಕಂಪ್ಯೂಟರಿನ ಎಡಿಟರಿಗೆ ಅಷ್ಟು ದೊಡ್ಡ ಪಠ್ಯ ಹಿಡಿಸುತ್ತಿರಲಿಲ್ಲ. ಬ್ರಯಾನ್ ಕರ್ನಿಗನ್ ಹೇಳುವ ಪ್ರಕಾರ, ಕೆನ್ ಥಾಂಪ್ಸನ್ ಆ ಎಡಿಟರಿನಿಂದ ಹುಡುಕುವ ಭಾಗವನ್ನಷ್ಟೇ ಕಿತ್ತು ಒಂದೇ ರಾತ್ರಿಯಲ್ಲಿ ಬೇರೆ ಪ್ರೋಗ್ರಾಮ್ ಮಾಡಿಕೊಟ್ಟರು. 'ಇಡೀ ಕಡತದಲ್ಲಿ ಈ ಮಾದರಿಗೆ ಹೊಂದುವ ಸಾಲುಗಳನ್ನು ಮುದ್ರಿಸು' ಎಂಬ ಎಡಿಟರಿನ ಆಜ್ಞೆಯ ಅಕ್ಷರಗಳೇ ಅದರ ಹೆಸರಾದವು.

ಸ್ವಾರಸ್ಯ ಇರುವುದು ಆ ಕರ್ತೃತ್ವದ ಜಗಳ ಬಗೆಹರಿದ ರೀತಿಯಲ್ಲಿ. ಮಾಸ್ಟೆಲರ್ ಮತ್ತು ವಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ವಿವಾದದಲ್ಲಿದ್ದ ಹನ್ನೆರಡು ಲೇಖನಗಳನ್ನು ಪರಿಶೀಲಿಸಿ 1964ರಲ್ಲಿ ಪುಸ್ತಕ ತಂದಿದ್ದರು. ಅವರು ನೆಚ್ಚಿಕೊಂಡದ್ದು ಯುದ್ಧ, ಕಾನೂನು, ಸ್ವಾತಂತ್ರ್ಯದಂಥ ದೊಡ್ಡ ಪದಗಳನ್ನಲ್ಲ. 'ಅಪಾನ್', 'ಬೈ', 'ಟು' ಎಂಬಂಥ, ಓದುವಾಗ ಕಣ್ಣಿಗೇ ಬೀಳದ ಪದಗಳನ್ನು. ಹ್ಯಾಮಿಲ್ಟನ್ 'ಅಪಾನ್' ಎಂಬುದನ್ನು ಸಾವಿರ ಪದಗಳಿಗೆ ಸುಮಾರು ಮೂರು ಸಲ ಬಳಸುತ್ತಿದ್ದ. ಮ್ಯಾಡಿಸನ್ ಬಳಸುತ್ತಿದ್ದುದು ತೀರಾ ಅಪರೂಪ. ವಿವಾದದ ಲೇಖನಗಳು ಮ್ಯಾಡಿಸನ್‌ನವು ಎಂಬ ಕಡೆಗೆ ಈ ಎಣಿಕೆ ಬಲವಾಗಿ ವಾಲಿತು. ಇಂದು ಪಠ್ಯವನ್ನು ಕಂಪ್ಯೂಟರಿನಲ್ಲಿ ಸಂಸ್ಕರಿಸುವಾಗ ಇಂಥ ಪದಗಳನ್ನು ಮೊದಲೇ ಸೋಸಿ ಎಸೆಯುವುದು ವಾಡಿಕೆ. ವಿಷಯ ಯಾವುದೆಂದು ತಿಳಿಯಲು ಅವು ಜೊಳ್ಳು. ಬರೆದವನು ಯಾರೆಂದು ತಿಳಿಯಲು ಅವೇ ಕಾಳು. ಅಂದಮೇಲೆ ಜೊಳ್ಳುತನ ಪದದ ಗುಣವಲ್ಲ, ನಾವು ಕೇಳಿದ ಪ್ರಶ್ನೆ ಅದರ ಮೇಲೆ ಹಾಕಿದ ಮುದ್ರೆ.

ಹಾಗೆಂದು ಆಯ್ಕೆಯೇ ತಪ್ಪು ಎನ್ನಲಾದೀತೇ? ಎಲ್ಲವನ್ನೂ ಒಟ್ಟಿಗೆ ನೋಡುವ ಕಣ್ಣು ಯಾರಿಗೂ ಇಲ್ಲ. ಹತ್ತು ಸಾವಿರ ಸಾಲಿನ ದಾಖಲೆಯನ್ನು ಹಾಗೆಯೇ ಎದುರಿಗೆ ಸುರಿಯುವುದು ಪ್ರಾಮಾಣಿಕತೆಯಂತೆ ಕಂಡರೂ ಎಷ್ಟೋ ಸಲ ಅದು ಸತ್ಯವನ್ನು ಮುಚ್ಚಿಡುವ ಉಪಾಯ. ಮಾಹಿತಿ ಕೇಳಿದವರಿಗೆ ಮೂಟೆಗಟ್ಟಲೆ ಕಾಗದ ಕೊಟ್ಟು ಕೈತೊಳೆದುಕೊಳ್ಳುವ ಕಲೆ ಕಚೇರಿಗಳಿಗೆ ಚೆನ್ನಾಗಿ ಗೊತ್ತು. ಆಯುವುದು ಅನಿವಾರ್ಯ. ಕೇಳಬೇಕಾದದ್ದು, ಆಯುವಾಗ ಯಾವ ಬಗೆಯ ತಪ್ಪುಗಳು ನುಸುಳುತ್ತವೆ, ಅವುಗಳಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು.

ಮೊದಲನೆಯದು, ಮೌನವನ್ನು ತಪ್ಪಾಗಿ ಓದುವುದು. ಗ್ರೆಪ್ ಕೆಲಸ ಮುಗಿಸಿ ಹೊರಡುವಾಗ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. 0 ಎಂದರೆ ಸಿಕ್ಕಿತು, 1 ಎಂದರೆ ಸಿಗಲಿಲ್ಲ, 2 ಎಂದರೆ ಏನೋ ದೋಷವಾಯಿತು: ಕಡತವೇ ಇರಲಿಲ್ಲ, ಅಥವಾ ಅದನ್ನು ತೆರೆಯಲು ಅನುಮತಿ ಇರಲಿಲ್ಲ. ಹುಡುಕಿ ನೋಡಿದೆ, ಇಲ್ಲ ಎನ್ನುವುದಕ್ಕೂ ನೋಡಲು ಆಗಲೇ ಇಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಈ ಪುಟ್ಟ ಉಪಕರಣ ಕಾಪಾಡಿಕೊಂಡು ಬಂದಿದೆ. ಅದನ್ನು ಅಳಿಸುವವರು ನಾವು. ದೋಷದ ಸಂದೇಶಗಳು ಕಿರಿಕಿರಿ ಎಂದು ಅವನ್ನು 'ಡೆವ್ ನಲ್' ಎಂಬ ತಳವಿಲ್ಲದ ಗುಂಡಿಗೆ ಕಳಿಸಿಬಿಡುತ್ತೇವೆ. ಆಮೇಲೆ ಪರದೆಯ ಮೇಲೆ ಎರಡೂ ಒಂದೇ ಖಾಲಿತನ.

ನಮ್ಮ ತತ್ತ್ವಶಾಸ್ತ್ರ ಈ ಖಾಲಿತನದ ಬಗ್ಗೆ ಶತಮಾನಗಳ ಕಾಲ ವಾದಿಸಿದೆ. ನೆಲದ ಮೇಲೆ ಮಡಕೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಕುಮಾರಿಲ ಭಟ್ಟನ ಪಂಥದ ಮೀಮಾಂಸಕರು, ಅವರಂತೆ ಅದ್ವೈತಿಗಳೂ, ಇದಕ್ಕೆ 'ಅನುಪಲಬ್ಧಿ' ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ಇಲ್ಲದಿರುವುದನ್ನು ತಿಳಿಯುವ ದಾರಿ, ಕಾಣದಿರುವುದೇ. ಆದರೆ ಅದಕ್ಕೊಂದು ಷರತ್ತು ಉಂಟು. ಆ ಕಾಣದಿರುವಿಕೆ ಯೋಗ್ಯವಾಗಿರಬೇಕು. ಎಂದರೆ, ಮಡಕೆ ಅಲ್ಲಿ ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವ ಸ್ಥಿತಿ ಇರಬೇಕು. ಬೆಳಕಿದ್ದು, ಕಣ್ಣು ಸರಿಯಿದ್ದು, ನೋಡಿದ ಮೇಲೂ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಮಡಕೆಯ ಬಗ್ಗೆ ಏನೂ ತಿಳಿದಂತಾಗಲಿಲ್ಲ, ಕತ್ತಲಿದೆ ಎಂಬುದಷ್ಟೇ ತಿಳಿದಂತಾಯಿತು. ಗ್ರೆಪ್‌ನ 1 ಮತ್ತು 2ರ ನಡುವೆ ಇರುವುದು ಇದೇ ಗೆರೆ.

ಈ ಷರತ್ತು ಎಷ್ಟು ಸೂಕ್ಷ್ಮವಾಗಿ ಮುರಿಯಬಲ್ಲದು ಎಂಬುದಕ್ಕೆ ಕನ್ನಡ ಲಿಪಿಯೇ ಸಾಕ್ಷಿ. ಯುನಿಕೋಡ್‌ನಲ್ಲಿ 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವದ ಮುಂದೆ ಕೊಂಬಿನ ದೀರ್ಘವನ್ನಿಟ್ಟು ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಗ್ರೆಪ್‌ಗೆ ಅವು ಬೇರೆ ಬೇರೆ. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ'ದ ಕೆಳಗೆ 'ಕ'ದ ಒತ್ತು ಬಾರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತೇವೆ. ಹುಡುಕುವವರು ಅದನ್ನು ಸೇರಿಸದಿದ್ದರೆ ಹೆಸರು ಸಿಗುವುದಿಲ್ಲ. ಇನ್ನು ಲಕ್ಷ್ಮಿ, ಲಕ್ಷ್ಮೀ, ಲಕ್ಷ್ಮಮ್ಮ ಎಂದು ಒಬ್ಬಳೇ ಹೆಂಗಸು ಮೂರು ಕಾಗದಗಳಲ್ಲಿ ಮೂರು ಬಗೆಯಾಗಿರುವುದಂತೂ ನಮ್ಮಲ್ಲಿ ದಿನನಿತ್ಯದ ಮಾತು. ಪಡಿತರದ ಪಟ್ಟಿಯನ್ನೋ ಮತದಾರರ ಪಟ್ಟಿಯನ್ನೋ ಹೀಗೆ ಹುಡುಕಿ, ಕಿಟಕಿಯ ಆಚೆ ನಿಂತವಳಿಗೆ 'ನಿಮ್ಮ ಹೆಸರಿಲ್ಲಮ್ಮ' ಎಂದರೆ ಆ 'ಇಲ್ಲ' ಯಾರ ಮಾತು? ಯಂತ್ರ ಹೇಳಿದ್ದು, ಈ ಸಂಕೇತಗಳ ಸಾಲು ಈ ಕಡತದಲ್ಲಿ ಸಿಗಲಿಲ್ಲ ಎಂದು ಮಾತ್ರ. ಅದನ್ನು 'ನೀವಿಲ್ಲ' ಎಂದು ಅನುವಾದಿಸಿದವರು ಕುರ್ಚಿಯಲ್ಲಿ ಕೂತ ಮನುಷ್ಯರು. ಬರಿಗೈಯಲ್ಲಿ ಮರಳುವವಳಿಗೆ ಯುನಿಕೋಡ್ ಕಟ್ಟಿಕೊಂಡು ಏನಾಗಬೇಕು!

ಎರಡನೆಯ ಬಗೆಯ ತಪ್ಪು ಇನ್ನೂ ಅಪಾಯದ್ದು, ಏಕೆಂದರೆ ಅಲ್ಲಿ ಮೌನವೂ ಇರುವುದಿಲ್ಲ, ಉತ್ತರ ಬಂದೇ ಬರುತ್ತದೆ. 1977ರಲ್ಲಿ ಅಹೋ, ವೈನ್‌ಬರ್ಗರ್, ಕರ್ನಿಗನ್ ಮೂವರು ರೂಪಿಸಿದ ಆಕ್, ಸಾಲನ್ನು ಖಾಲಿ ಜಾಗಗಳಲ್ಲಿ ತುಂಡು ಮಾಡಿ, ಐದನೆಯದನ್ನು ಕೊಡು ಎಂದರೆ ಐದನೆಯದನ್ನು ಕೊಡುತ್ತದೆ. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಕಮಾಂಡಿನ ಹಳೆಯ ಆವೃತ್ತಿಗಳಲ್ಲಿ ಸಾಧನದ ಹೆಸರು ಉದ್ದವಾದರೆ ಸಾಲು ಮುರಿದು ಕೆಳಗಿಳಿಯುತ್ತಿತ್ತು. ಆಗ ಐದನೆಯ ಜಾಗದಲ್ಲಿ ಇರಬೇಕಾದದ್ದು ನಾಲ್ಕನೆಯದಕ್ಕೆ ಸರಿಯುತ್ತಿತ್ತು, ಐದರಲ್ಲಿ ಬೇರೇನೋ ಬಂದು ಕೂರುತ್ತಿತ್ತು. ಕಡತದ ಹೆಸರಿನ ನಡುವೆ ಖಾಲಿ ಜಾಗ ಬಂದರೂ ಎಣಿಕೆ ಹೀಗೆಯೇ ಜಾರುತ್ತದೆ. ಆಕ್ ದೂರುವುದಿಲ್ಲ. ಅದಕ್ಕೆ ಗೊತ್ತಿರುವುದು ಸ್ಥಾನ ಮಾತ್ರ, ಅರ್ಥವಲ್ಲ. ಸಾಲಿನ ತಲೆಯ ಮೇಲೆ ಯಾವ ಕಾಲಂ ಏನೆಂದು ಹೇಳುವ ಶೀರ್ಷಿಕೆ ಇತ್ತು. ಸೋಸುವಾಗ ನಾವು ಮೊದಲು ಎಸೆಯುವುದು ಅದನ್ನೇ. ಸಂದರ್ಭದಿಂದ ಕಿತ್ತ ಒಂದು ವಾಕ್ಯ ಲೇಖಕನ ವಿರುದ್ಧವೇ ಸಾಕ್ಷಿ ನುಡಿಯುವುದನ್ನು ಸಾಹಿತ್ಯದ ಓದುಗರು ಬೇಕಾದಷ್ಟು ನೋಡಿದ್ದಾರೆ. ಅಂಕಿಗಳಿಗೂ ಅದೇ ಗತಿ.

ಮೂರನೆಯದು ಪೈಪಿನಿಂದ ಬರುವ ತೊಡಕು. ತೋಟದ ಕೊಳವೆಗಳಂತೆ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಜೋಡಿಸುವಂತಿರಬೇಕು ಎಂದು ಡಗ್ ಮೆಕಿಲ್ರಾಯ್ 1964ರಲ್ಲೇ ಬರೆದಿಟ್ಟಿದ್ದರು. 1973ರಲ್ಲಿ ಅದು ಯುನಿಕ್ಸ್‌ಗೆ ಬಂತು. ಬಹಳ ಸುಂದರವಾದ ಏರ್ಪಾಡು. ಪ್ರತಿ ಉಪಕರಣವೂ ತನ್ನ ಪುಟ್ಟ ಕೆಲಸ ಮುಗಿಸಿ ಮುಂದಿನದಕ್ಕೆ ದಾಟಿಸುತ್ತದೆ, ಹಿಂದೆ ಯಾರಿದ್ದರೆಂದು ಕೇಳುವುದಿಲ್ಲ. ಆದರೆ ಶೆಲ್‌ನ ಸಾಮಾನ್ಯ ನಿಯಮದಲ್ಲಿ ಇಡೀ ಸರಪಳಿಯ ಯಶಸ್ಸು ನಿರ್ಧಾರವಾಗುವುದು ಕೊನೆಯ ಉಪಕರಣದಿಂದ. ಮೊದಲನೆಯದು ಕಡತ ತೆರೆಯಲಾಗದೆ ಸೋತಿದ್ದರೂ ಕೊನೆಯದು ಬಂದ ಶೂನ್ಯವನ್ನು ಅಚ್ಚುಕಟ್ಟಾಗಿ ಎಣಿಸಿ 'ಸೊನ್ನೆ' ಎಂದು ಬರೆದರೆ ಎಲ್ಲವೂ ಸರಿಯಾಯಿತು ಎಂದೇ ಲೆಕ್ಕ. ಕೆಲಸವನ್ನು ಹಂಚಿಕೊಂಡಂತೆ ಹೊಣೆಯನ್ನೂ ಹಂಚಿಕೊಂಡು, ಕೊನೆಗೆ ಯಾರ ಪಾಲಿಗೂ ಏನೂ ಉಳಿಯದಂತೆ ಮಾಡುವ ಸಂಸ್ಥೆಗಳನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ನಡುವಿನ ಸೋಲನ್ನೂ ಸೋಲೆಂದೇ ಎಣಿಸುವ 'ಪೈಪ್‌ಫೇಲ್' ಎಂಬ ಆಯ್ಕೆ ಬ್ಯಾಶ್‌ನಲ್ಲಿದೆ. ಅದನ್ನು ನಾವೇ ಕೇಳಿ ಹಾಕಿಸಿಕೊಳ್ಳಬೇಕು.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು: ಇದೆಲ್ಲ ಕುಶಲತೆಯ ಮಾತಾಯಿತು, ಸರಿಯಾಗಿ ಬಳಸಲು ಕಲಿತರೆ ಮುಗಿಯಿತು, ನೀತಿಯನ್ನೇಕೆ ಎಳೆದು ತರಬೇಕು? ಆಕ್ಷೇಪದಲ್ಲಿ ಹುರುಳಿದೆ. ಗೊತ್ತಿಲ್ಲದೆ ಆದ ತಪ್ಪನ್ನು ಪಾಪವೆಂದು ಕರೆಯುವುದು ಅತಿಯಾಯಿತು. ಆದರೆ ಕತ್ತಲಿರಬಹುದೆಂದು ಗೊತ್ತಿದ್ದೂ ದೀಪ ಹಚ್ಚದೆ 'ಮಡಕೆ ಇಲ್ಲ' ಎಂದು ಹೇಳುವುದು ಕುಶಲತೆಯ ಕೊರತೆ ಮಾತ್ರವಲ್ಲ. ಆ ಮಾತನ್ನು ನಂಬಿ ನಡೆಯುವವರು ಬೇರೆಯವರು, ನಷ್ಟವೂ ಅವರದೇ. ಸೋಸಿದ ಉತ್ತರ ಸೋಸಿದವನ ಕೈ ದಾಟಿ ಇನ್ನೊಬ್ಬರ ಬದುಕಿನಲ್ಲಿ ತೀರ್ಪಾಗುವ ಜಾಗದಲ್ಲಿ ಕುಶಲತೆಯೂ ನೀತಿಯೂ ಬೇರೆಯಾಗಿ ಉಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡದೇನೂ ಬೇಡ. ಗ್ರೆಪ್‌ಗೆ 'ವಿ' ಎಂಬ ಒಂದಕ್ಷರದ ಆಯ್ಕೆ ಕೊಟ್ಟರೆ ಅದು ಹೊಂದದ ಸಾಲುಗಳನ್ನಷ್ಟೇ ತೋರಿಸುತ್ತದೆ, ಅಂದರೆ ನಾವು ಈಗಷ್ಟೇ ಬಿಟ್ಟ ಜೊಳ್ಳನ್ನು. 'ಸಿ' ಎಂಬ ದೊಡ್ಡಕ್ಷರವನ್ನೂ ಒಂದು ಅಂಕಿಯನ್ನೂ ಕೊಟ್ಟರೆ ಸಿಕ್ಕ ಸಾಲಿನ ಹಿಂದುಮುಂದಿನ ಅಷ್ಟು ಸಾಲುಗಳೂ ಬರುತ್ತವೆ. ಎಲ್ಲವನ್ನೂ ಓದಲಾಗದು, ಹತ್ತು ಸಾಲು ಓದಬಹುದು. ಕಾಳು ಬೇಯಿಸುವ ಮುನ್ನ ಜೊಳ್ಳಿನಲ್ಲೊಮ್ಮೆ ಕೈಯಾಡಿಸಿ ನೋಡಲು ಹಿಡಿಯುವ ಹೊತ್ತು ಅಷ್ಟೇ. ಪಟ್ಟಿಯಲ್ಲಿ ಹೆಸರು ಸಿಗದವಳಿಗೆ 'ಇಲ್ಲ' ಎನ್ನುವ ಬದಲು 'ನನಗೆ ಸಿಗಲಿಲ್ಲ, ಇನ್ನೊಂದು ಬಗೆಯಲ್ಲಿ ನೋಡ್ತೀನಿ, ಸ್ವಲ್ಪ ನಿಲ್ಲಿ' ಎನ್ನಲು ಬೇಕಾದ ಹೊತ್ತೂ ಅಷ್ಟೇ.