ಹಣ ಬಂತು, ಮಾತು ಬರಲಿಲ್ಲ

ನಮ್ಮ ಮಣ್ಣಗುಡ್ಡದಲ್ಲಿ ಹಂಚಿನ ಮನೆಗಳಿದ್ದ ಎಷ್ಟೋ ಜಾಗಗಳಲ್ಲಿ ಇಂದು ಫ್ಲ್ಯಾಟುಗಳು ಎದ್ದಿವೆ. ಜಗಲಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಮಾತನಾಡಿಸುತ್ತಿದ್ದ ಅಜ್ಜಂದಿರು ಈಗ ಮೂರನೇ ಮಾಳಿಗೆಯಲ್ಲಿ, ಚಿಲಕ ಹಾಕಿದ ಬಾಗಿಲಿನ ಹಿಂದೆ ಇದ್ದಾರೆ. ಮಕ್ಕಳು ಗಲ್ಫ್‌ನಲ್ಲಿ. ತಿಂಗಳು ತಿಂಗಳು ಹಣ ಬರುತ್ತದೆ. ಮಾತ್ರೆಗೂ ಕೆಲಸದವರಿಗೂ ಕೊರತೆಯಿಲ್ಲ. ಹಾಗಾದರೆ ಹಿರಿಯರ ಋಣ ತೀರಿತೇ?

ಕಾನೂನಿನ ಕಣ್ಣಿಗೆ ಬಹುಮಟ್ಟಿಗೆ ತೀರಿತು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಪೋಷಣೆಯೆಂದರೆ ಊಟ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಎನ್ನುತ್ತದೆ. ಪಕ್ಕದಲ್ಲಿ ಕುಳಿತು ಎರಡು ಮಾತನಾಡಿರೆಂದು ಯಾವ ಕಾನೂನು ತಾನೇ ಒತ್ತಾಯಿಸೀತು?

ಆದರೆ ದೇಹದ ಲೆಕ್ಕ ಬೇರೆ. 148 ಅಧ್ಯಯನಗಳಲ್ಲಿದ್ದ ಮೂರು ಲಕ್ಷಕ್ಕೂ ಮಿಕ್ಕಿದ ಜನರ ವಿವರಗಳನ್ನು ಅಮೆರಿಕದ ಸಂಶೋಧಕರು 2010ರಲ್ಲಿ ಒಟ್ಟುಗೂಡಿಸಿ ನೋಡಿದರು. ಒಳ್ಳೆಯ ಒಡನಾಟವಿದ್ದವರು ಬದುಕಿ ಉಳಿಯುವ ಸಂಭವ ಶೇಕಡಾ 50ರಷ್ಟು ಹೆಚ್ಚಿತ್ತು. ಒಂಟಿತನವು ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳೊಂದಿಗೆ ತಳಕು ಹಾಕಿಕೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ವರದಿ ಮಾಡಿತು. ಇದರಲ್ಲಿ ಆಶ್ಚರ್ಯವೇನು? ಒಬ್ಬರಿಗಾಗಿಯೇ ಒಲೆ ಹಚ್ಚಲು ಮನಸ್ಸು ಬಾರದು. ಹೊರಗೆ ಹೊರಡಲು ಕಾರಣವಿಲ್ಲದಾಗ ಕಾಲಿನ ಬಲವೂ ಕುಂದುತ್ತದೆ. ಬಿದ್ದರೆ ತಿಳಿಯುವವರಿಲ್ಲ. ಅಂದಮೇಲೆ ಒಡನಾಟ ದಯೆಯಿಂದ ನೀಡುವ ದಾನವಲ್ಲ. ಅದೂ ಅನ್ನದಂತೆ ಪೋಷಣೆಯೇ.

ದೂರದ ಮಗನನ್ನು ದೂರುವುದು ಸುಲಭ. ಆದರೆ ಎಷ್ಟೋ ಮಂದಿ ಹೋದದ್ದು ಮನೆಯ ಸಾಲ ತೀರಿಸಲಿಕ್ಕೆ, ತಂಗಿಯ ಮದುವೆ ಮಾಡಿಸಲಿಕ್ಕೆ. ಅವನು ಅಲ್ಲಿದ್ದಾನೆ, ನಿಜ. ಆದರೆ ಆ ಮನೆಯ ಪಕ್ಕದ ಬಾಗಿಲು ನಮ್ಮದಲ್ಲವೇ?

ಇನ್ನೊಂದು ಮಾತು. ಕನಿಕರದಿಂದ ಹೋದರೆ ಹಿರಿಯರು ರೋಗಿಗಳಾಗಿಬಿಡುತ್ತಾರೆ. ಬಿಪಿ ಎಷ್ಟೆಂದು ವಿಚಾರಿಸಿ ಎದ್ದು ಬರಬೇಡಿ. ಅವರಿಂದ ಏನನ್ನಾದರೂ ಕೇಳಿ. ಸಣ್ಣಣಕ್ಕೆ ಅಕ್ಕಿ-ಉದ್ದಿನ ಅಳತೆ ಕೇಳಿ, ಮೊಮ್ಮಕ್ಕಳಿಗೆ ಹಳೆಯ ಕಥೆ ಹೇಳಿಸಿ, ವಾರ್ಡಿನ ಕೂಟದಲ್ಲಿ ಪ್ರಾರ್ಥನೆ ನಡೆಸಿಕೊಡಿರೆಂದು ವಿನಂತಿಸಿ. ತಾನು ಇನ್ನೂ ಬೇಕಾದವನು ಎಂಬ ಭರವಸೆಗಿಂತ ದೊಡ್ಡ ಬಲ ಮುಪ್ಪಿನಲ್ಲಿ ಯಾವುದಿದೆ?

ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ-ಅಜ್ಜಿಯರಿಗೂ ಹಿರಿಯರಿಗೂ ಮೀಸಲಿಟ್ಟರು. ಅಂದು ಹೂ ಕೊಟ್ಟು ಗೌರವಿಸುವುದು ಒಳ್ಳೆಯದೇ. ಆದರೆ ಅನ್ನ ವರ್ಷಕ್ಕೊಮ್ಮೆ ಉಣ್ಣುವಂಥದ್ದಲ್ಲ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ನಿಮ್ಮ ಮನೆಯಲ್ಲಿ ಹೊಸ ಅಕ್ಕಿಯ ಊಟಕ್ಕೆ ಎಲೆ ಹಾಕುವಾಗ ಪಕ್ಕದ ಮನೆಯ ಹಿರಿಯರಿಗೂ ಒಂದು ಎಲೆ ಹಾಕಿ. ಅವರೇ ಪ್ರಾರ್ಥನೆ ಹೇಳಲಿ. ಮರುದಿನ ಬೆಳಿಗ್ಗೆ ಮತ್ತೆ ಅವರ ಬಾಗಿಲು ತಟ್ಟಿ.