ಮುದ್ರೆ ಮತ್ತು ಮೂರ್ಛೆ

ಪರಿಗ್ರಹವು ವಸ್ತುವಿನಲ್ಲಿಲ್ಲ, ವಸ್ತುವಿನ ಬಗೆಗೆ ಮನಸ್ಸಿನಲ್ಲುಂಟಾಗುವ ಮೂರ್ಛೆಯಲ್ಲಿದೆ ಎಂಬ ಉಮಾಸ್ವಾಮಿಗಳ ನಿರೂಪಣೆ ಸ್ವಾಧ್ಯಾಯನಿರತ ಶ್ರಾವಕರಿಗೆ ಅಪರಿಚಿತವಲ್ಲ. ಧನಧಾನ್ಯ, ಹೊಲಮನೆಗಳ ವಿಷಯದಲ್ಲಿ ಇದನ್ನು ಅನ್ವಯಿಸಿ ನೋಡುವುದು ಅಷ್ಟೇನೂ ಕಷ್ಟವಲ್ಲ. ಆದರೆ ಸುಂದರವೂ ಪೂಜ್ಯವೂ ಆದ ವಸ್ತುವೊಂದನ್ನು ಒಬ್ಬನು ಶ್ರದ್ಧೆಯಿಂದ ಕಾಪಾಡಿ, ದಿನವೂ ಕಂಡು ಹರ್ಷಿಸಿ, ಮುಂದಿನ ಪೀಳಿಗೆಗೆ ಉಳಿಸಿಕೊಟ್ಟರೆ ಅದು ಭಕ್ತಿಯೋ, ಮೂರ್ಛೆಯೋ? ಪೂರ್ವದೇಶಗಳ ಲಿಪಿಕಲೆ ಮತ್ತು ಕರಕುಶಲವಸ್ತುಗಳ ಪ್ರದರ್ಶನಾಲಯಗಳು ಈ ಪ್ರಶ್ನೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತವೆ.

ತೈಪೆ ನಗರದ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಒಂದು ಚಿಕ್ಕ ಪತ್ರವಿದೆ. ನಾಲ್ಕನೆಯ ಶತಮಾನದ ಚೀನೀ ಲಿಪಿಕಲಾವಿದ ವಾಂಗ್ ಷೀಚಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ಪತ್ರದಲ್ಲಿರುವುದು ಕೇವಲ 28 ಅಕ್ಷರಗಳು. ಹಿಮ ಸುರಿದು ಆಕಾಶ ತಿಳಿಯಾಯಿತೆಂದು ಹೇಳಿ ಮಿತ್ರನ ಕ್ಷೇಮ ವಿಚಾರಿಸುವ, ಅಂಚೆಕಾರ್ಡಿನಲ್ಲಿ ಬರೆಯಬಹುದಾದಷ್ಟು ಸಾಮಾನ್ಯವಾದ ಬರಹ. ಇದು ಮೂಲವಲ್ಲ, ಥಾಂಗ್ ವಂಶದ ಕಾಲದಲ್ಲಿ ಮಾಡಿದ ಪ್ರತಿ ಎಂಬುದು ಇಂದಿನ ವಿದ್ವಾಂಸರ ಅಭಿಪ್ರಾಯ. 1735ರಿಂದ 1796ರವರೆಗೆ ಆಳಿದ ಚಿಯೆನ್‌ಲುಂಗ್ ಚಕ್ರವರ್ತಿಗೆ ಈ ಪತ್ರದ ಮೇಲೆ ಎಲ್ಲಿಲ್ಲದ ಪ್ರೀತಿ. ಬೀಜಿಂಗ್ ಅರಮನೆಯ ಕಿರುಕೊಠಡಿಯೊಂದಕ್ಕೆ ‘ಮೂರು ದುರ್ಲಭಗಳ ಕೊಠಡಿ’ ಎಂದು ಹೆಸರಿಟ್ಟನು. ಆ ಮೂರರಲ್ಲಿ ಇದೂ ಒಂದು. ಹಿಮ ಬಿದ್ದಾಗಲೆಲ್ಲ ಪತ್ರವನ್ನು ತರಿಸಿ ನೋಡಿ ಅದರ ಸುತ್ತ ತನ್ನ ಮೆಚ್ಚುಗೆಯನ್ನು ಬರೆದನು. ದಿವ್ಯವೆಂಬರ್ಥದ ಒಂದು ದಪ್ಪಕ್ಷರವನ್ನೂ ಬರೆದನು. ಕೆಂಪು ಮುದ್ರೆಗಳನ್ನು ಒಂದರ ಬಳಿಕ ಒಂದರಂತೆ ಒತ್ತಿದನು. ಇಂದು ಅದನ್ನು ನೋಡುವವನ ಕಣ್ಣಿಗೆ ಮೊದಲು ಬೀಳುವುದು ಚಕ್ರವರ್ತಿಯೇ; ಹಿಮದ ಸುದ್ದಿ ಹೇಳಿದ ಆ ನಾಲ್ಕು ಸಾಲುಗಳನ್ನು ಮುದ್ರೆಗಳ ನಡುವೆ ಅರಸಿಕೊಳ್ಳಬೇಕು.

ನ್ಯಾಯವಾಗಿ ಹೇಳುವುದಾದರೆ, ಚಕ್ರವರ್ತಿ ಆ ಪತ್ರವನ್ನು ಕೆಡಿಸಬೇಕೆಂದು ಮುದ್ರೆ ಒತ್ತಿದವನಲ್ಲ. ಸಂಗ್ರಹಕಾರರು ಮುದ್ರೆಯೊತ್ತುವುದು ಅಲ್ಲಿಯ ಶಿಷ್ಟಾಚಾರ. ಯಾವ ಕೃತಿ ಯಾವ ಕಾಲದಲ್ಲಿ ಯಾರ ಬಳಿ ಇತ್ತೆಂಬುದನ್ನು ಇತಿಹಾಸಕಾರರು ಗುರುತಿಸುವುದು ಆ ಮುದ್ರೆಗಳಿಂದಲೇ. ಅವನು ಕೂಡಿಹಾಕದೆ ಇದ್ದಿದ್ದರೆ ಎಷ್ಟೋ ಕೃತಿಗಳು ಉಳಿಯುತ್ತಿರಲಿಲ್ಲ. ರಕ್ಷಿಸಿದ ಕೈಯೇ ಆವರಿಸಿತು. ಮೂರ್ಛೆಯು ಬಹುತೇಕ ರಕ್ಷಣೆಯ ವೇಷದಲ್ಲಿಯೇ ಒಳಗೆ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ.

(ಕುಂಚಕ್ಕೆ ಮೇಕೆ, ಮೊಲಗಳ ರೋಮ, ಮಸಿಗೆ ಪ್ರಾಣಿಜನ್ಯ ಅಂಟು, ಹಿನ್ನೆಲೆಗೆ ರೇಷ್ಮೆ ಬಳಕೆಯಾಗುವ ಕಲೆಯನ್ನು ಅಹಿಂಸಾವ್ರತಿಯು ಹೇಗೆ ಆಸ್ವಾದಿಸಬೇಕೆಂಬುದು ಬೇರೆಯೇ ಆದ, ಇದಕ್ಕಿಂತ ಕಠಿನವಾದ ಪ್ರಶ್ನೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.)

ಅದೇ ಸಂಗ್ರಹಾಲಯದ ಮತ್ತೊಂದು ಕೃತಿ ಯೆನ್ ಚೆನ್‌ಚಿಂಗ್ ಕ್ರಿ.ಶ. 758ರಲ್ಲಿ ಬರೆದ ಶೋಕಪತ್ರದ ಕರಡು. ಆನ್ ಲುಷಾನನ ದಂಗೆಯಲ್ಲಿ ಅವನ ದಾಯಾದಿ ಅಣ್ಣನೂ ಆ ಅಣ್ಣನ ಮಗನೂ ಹತರಾದರು. ತರುಣನ ಶಿರಸ್ಸು ಮಾತ್ರ ದೊರೆಯಿತು. ಅಂತ್ಯವಿಧಿಗೆಂದು ಬರೆಯತೊಡಗಿದ ಈ ಕರಡಿನಲ್ಲಿ ಹೊಡೆದುಹಾಕಿದ ಪದಗಳಿವೆ, ಮಸಿ ಆರಿದರೂ ಎಳೆದ ಗೆರೆಗಳಿವೆ. ಯಾರಿಗೂ ತೋರಿಸಲೆಂದು ಬರೆದುದಲ್ಲ. ಬಹುಶಃ ಆದುದರಿಂದಲೇ ಅದು ಆ ದೇಶದ ಲಿಪಿಕಲೆಯ ಶಿಖರಗಳಲ್ಲಿ ಒಂದೆನಿಸಿತು.

2019ರಲ್ಲಿ ಈ ಕರಡು ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆ ಹೋಯಿತು. ಜನ ದೀರ್ಘಕಾಲ ಸಾಲಿನಲ್ಲಿ ನಿಂತು, ಕೆಲವೇ ಕ್ಷಣ ಕಂಡು ಮುಂದೆ ಸಾಗಿದರು. ಇಷ್ಟು ಜೀರ್ಣವಾದುದನ್ನು ಕಡಲಾಚೆ ಕಳುಹಿಸಬಹುದೇ ಎಂಬ ಆಕ್ಷೇಪ ತೈವಾನಿನಲ್ಲಿ ಎದ್ದಿತು. ಜಪಾನಿಗೆ ಕೊಟ್ಟರಲ್ಲಾ ಎಂಬ ಕೋಪ ಚೀನಾದಲ್ಲಿ ಕೇಳಿಬಂದಿತು. ಕೋಪಕ್ಕೆ ಕಾರಣವಿಲ್ಲದೆ ಇರಲಿಲ್ಲ. ಜಪಾನಿ ಸೈನ್ಯದ ಭಯದಿಂದಲೇ 1933ರಲ್ಲಿ ಬೀಜಿಂಗ್ ಅರಮನೆಯ ಸಂಪತ್ತನ್ನು ಪೆಟ್ಟಿಗೆಗಳಲ್ಲಿ ತುಂಬಿ ದಕ್ಷಿಣಕ್ಕೆ ಸಾಗಿಸಿದ್ದರು. ಅದರಲ್ಲಿ ಒಂದು ಭಾಗ 1948-49ರಲ್ಲಿ ತೈವಾನಿಗೆ ಬಂದಿತು. ಆದರೂ ಮಗುವನ್ನು ಕಳೆದುಕೊಂಡವನ ಅಳಲು ಯಾವ ರಾಷ್ಟ್ರದ ಸ್ವತ್ತು ಎಂಬ ವಾದದಲ್ಲಿ ಆ ಅಳಲೇ ಮರೆತುಹೋಯಿತು. ವ್ಯಕ್ತಿಗೆ ಮಾತ್ರವಲ್ಲ, ರಾಷ್ಟ್ರಕ್ಕೂ ಮೂರ್ಛೆಯುಂಟು. ತೈಪೆಯ ಸಂಗ್ರಹಾಲಯವಾದರೋ ಇಂಥ ಅತಿಸೂಕ್ಷ್ಮ ಕೃತಿಗಳನ್ನು ಆರು ವಾರ ತೋರಿಸಿದರೆ ಆಮೇಲೆ ಮೂರು ವರ್ಷ ಕತ್ತಲೆಯಲ್ಲಿ ವಿಶ್ರಮಿಸಲು ಬಿಡುವ ಕ್ರಮವನ್ನು ಇರಿಸಿಕೊಂಡಿದೆ. ಇದ್ದೂ ನೋಡದಿರುವ ಈ ನಿಯಮದಲ್ಲಿ ಒಂದು ಬಗೆಯ ವ್ರತದ ಛಾಯೆಯಿದೆ.

ಜಪಾನಿನ ಯಾನಾಗಿ ಸೋಯೆತ್ಸು (1889-1961) ಈ ಸಮಸ್ಯೆಯನ್ನು ಇನ್ನೊಂದು ತುದಿಯಿಂದ ಹಿಡಿದನು. ಹೆಸರಿಗಾಗಿ ಮಾಡದ, ನಿತ್ಯದ ಬಳಕೆಗೆಂದು ಅನಾಮಿಕ ಕುಶಲಕರ್ಮಿಗಳು ಮಾಡಿದ ಮಡಕೆ, ಬಟ್ಟೆ, ಬುಟ್ಟಿಗಳಲ್ಲಿಯೇ ನಿಜವಾದ ಚೆಲುವಿದೆ ಎಂದು ಸಾರಿ, 1936ರಲ್ಲಿ ಟೋಕಿಯೋದಲ್ಲಿ ಜಾನಪದ ಕರಕುಶಲ ವಸ್ತುಸಂಗ್ರಹಾಲಯವನ್ನು ತೆರೆದನು. 1931ರಲ್ಲಿ ಅವನು ಕಂಡು ಬೆರಗಾದ ಬಟ್ಟಲೊಂದರ ಕಥೆ ಗಮನಾರ್ಹ. ಕೊರಿಯಾದ ಯಾವನೋ ಕುಂಬಾರ ಬಡವರ ಊಟಕ್ಕೆಂದು ಮಾಡಿದ ಬಟ್ಟಲು ಅದು. ಜಪಾನಿನ ಚಹಾಗುರುಗಳ ಕಣ್ಣಿಗೆ ಬಿದ್ದು ಅಮೂಲ್ಯವಾಯಿತು. ಅದನ್ನು ಹೊಂದಿದ್ದ ಒಸಾಕಾದ ವರ್ತಕ ಕಿಜಾಯೆಮೊನ್ ದಾರಿದ್ರ್ಯಕ್ಕೆ ಇಳಿದರೂ ಬಟ್ಟಲನ್ನು ಬಿಡಲೊಲ್ಲದೆ ಸತ್ತನೆಂದು ಐತಿಹ್ಯ. ಆಮೇಲೆ ಅದನ್ನು ಪಡೆದವರಿಗೆ ವ್ರಣಬಾಧೆ ತಗಲುತ್ತದೆಂಬ ಮಾತು ಹಬ್ಬಿತು. ಕಡೆಗೆ ಅದನ್ನು ಹೊಂದಿದ್ದ ಸಾಮಂತನ ಮನೆಯವರು ಕ್ಯೋಟೋದ ಬೌದ್ಧಮಂದಿರಕ್ಕೆ ಒಪ್ಪಿಸಿಬಿಟ್ಟರು. ಇಂದಿಗೂ ಆ ಬಟ್ಟಲಿನ ಹೆಸರು ಕಿಜಾಯೆಮೊನ್. ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ; ಬಿಡಲಾರದೆ ಹೋದವನ ಹೆಸರು ಶಾಶ್ವತವಾಯಿತು. ಯಾನಾಗಿಯ ಸಂಗ್ರಹಾಲಯವೂ ಈ ವಿಪರ್ಯಾಸದಿಂದ ಪೂರ್ತಿ ಮುಕ್ತವಲ್ಲ: ಬಳಕೆಯಲ್ಲಿಯೇ ಚೆಲುವು ಎಂದು ಸಾರುವ ಮಡಕೆಗಳು ಅಲ್ಲಿ ನೀರು ಕಾಣದೆ ಕುಳಿತಿವೆ.

ದೂರದೇಶದ ಚಕ್ರವರ್ತಿಯನ್ನೂ ವರ್ತಕನನ್ನೂ ಕಂಡು ಮುಗುಳುನಗುವುದು ಸುಲಭ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಇಕ್ಕೆಲಗಳ ಬರಹಗಳಲ್ಲಿ ಮಾಡಿಸಿದ ಚಾವುಂಡರಾಯನ ಹೆಸರಿದೆ, ಸುತ್ತಾಲಯ ಕಟ್ಟಿಸಿದ ಗಂಗರಾಜನ ಹೆಸರಿದೆ; ಉಳಿ ಹಿಡಿದವನ ಹೆಸರು ಅಲ್ಲಿಲ್ಲ. ಆ ಅಕ್ಷರಗಳಾದರೂ ಪಾದದ ಮಟ್ಟದಲ್ಲಿವೆ, ನೋಡುವವನ ದೃಷ್ಟಿ ಅವನ್ನು ದಾಟಿ ಮೇಲೇರುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ದುರ್ಲಭವಾದುದನ್ನು ಕೊಠಡಿಯಲ್ಲಿ ಇರಿಸಿಕೊಳ್ಳದೆ, ದುರ್ಲಭವಲ್ಲದಂತೆ ಮಾಡಿದ ದಾನವದು. ಇಂದು ಜೀರ್ಣೋದ್ಧಾರಕ್ಕೆ ಕೈಹಾಕಿದ ಬಸದಿಯ ಆಡಳಿತ ಮಂಡಳಿಯ ಮುಂದೆ ಬರುವ ಪ್ರಶ್ನೆ ಇದಕ್ಕಿಂತ ಚಿಕ್ಕದು, ಆದರೆ ಅದೇ ಜಾತಿಯದು: ದಾನಿಗಳ ಅಮೃತಶಿಲೆಯ ಫಲಕ ನವರಂಗದಲ್ಲಿರಬೇಕೋ, ಪ್ರಾಕಾರದ ಹೊರಗೋಡೆಯಲ್ಲಿರಬೇಕೋ? ಹೆಸರೇ ಬೇಡವೆನ್ನುವುದು ವ್ಯಾವಹಾರಿಕವಲ್ಲ, ಹೆಸರನ್ನು ಕಂಡು ಇನ್ನೊಬ್ಬನಲ್ಲಿ ದಾನಬುದ್ಧಿ ಹುಟ್ಟುವುದೂ ಉಂಟು. ಆದರೆ ದರ್ಶನಕ್ಕೆ ನಿಂತವನು ಜಿನಬಿಂಬಕ್ಕಿಂತ ಮೊದಲು ದಾನಿಯನ್ನು ಕಾಣುವಂತಾದರೆ ಆ 28 ಅಕ್ಷರಗಳ ಗತಿಯೇ ಇಲ್ಲಿಯೂ ಆಯಿತೆನ್ನಬೇಕು.

ಹಳೆಯ ಬಸದಿಗಳ ಹಿತ್ತಾಳೆಯ ದೀಪದ ಕಂಬಗಳ ಬುಡದಲ್ಲಿ ಕೊಟ್ಟವರ ಹೆಸರನ್ನು ಕೊರೆದಿರುವುದುಂಟು. ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಅಕ್ಷರಗಳು ಸವೆದು, ಬೆರಳಿಟ್ಟು ತಡವಿದರೆ ಮಾತ್ರ ತಿಳಿಯುವಂತಾಗಿರುತ್ತವೆ. ಬತ್ತಿ ಹೊಸೆದು ದೀಪ ಹಚ್ಚುವವರು ಎಣ್ಣೆ ಸಾಕಷ್ಟಿದೆಯೇ ಎಂದು ನೋಡಿ ಮುಂದಿನ ಕಂಬಕ್ಕೆ ಸಾಗುತ್ತಾರೆ.